ಗೋದೂ ಉಣ್ಣದಿದ್ದಾಗ

ಇಂಡಿ
೩ ಜೂನ್ ೨೦೨೪

ಸಭಾಧ್ಯಕ್ಷರೇ, ಮುಖ್ಯ ಅತಿಥಿಗಳೇ, ಮುಂದಿನ ಸಾಲಿನಲ್ಲಿ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಗಣ್ಯರೇ, ಉಪ್ಪಿಟ್ಟಿನ ವಾಸನೆ ಹಿಡಿದು ಬಂದು ಹಿಂದಿನ ಸಾಲಿನಲ್ಲಿ ಕುಳಿತಿರುವ ರಸಿಕರೇ, ಮತ್ತು ಈ ಕಾಗದವನ್ನು ಹರಿಯಬೇಕೆಂದು ಎರಡೂ ಕೈಯಲ್ಲಿ ಹಿಡಿದು ನಿಂತಿರುವ ನನ್ನ ಒಬ್ಬಳೇ ತಂಗಿ ವೃಂದಾ,

ಎಲ್ಲರಿಗೂ ಸ್ವಾಗತ. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ತಾಲೂಕಿನ ಕಂಡಕಂಡ ಸಮಾರಂಭಗಳಿಗೆ ನಿರೂಪಣೆ ಮಾಡಿದವನಿಗೆ ನೇರವಾಗಿ ಮಾತಾಡುವುದು ಮರೆತುಹೋಗಿದೆ. ಫೋನು ಹಚ್ಚಿದರೆ ನೀನು ಕಟ್ ಮಾಡುತ್ತಿ. ಪತ್ರವನ್ನು ಕಟ್ ಮಾಡಲು ಬರುವುದಿಲ್ಲ, ಹರಿಯಬೇಕಾಗುತ್ತದೆ. ಹರಿಯುವಾಗ ಎರಡು ಸಾಲಾದರೂ ಕಣ್ಣಿಗೆ ಬೀಳುತ್ತವೆ. ಆ ಎರಡು ಸಾಲು ಇವು:

ಅವ್ವ ಉಣ್ಣುವುದನ್ನು ಬಿಟ್ಟಿದ್ದಾಳೆ.
ಅಜ್ಜಿಯ ಅಡಿಗೆ ವಹಿ ಸಿಕ್ಕಿದೆ.

ಇನ್ನೂ ಹರಿದಿಲ್ಲವಾದರೆ ವಿವರ ಹೇಳುತ್ತೇನೆ. ಯುಗಾದಿಯ ಮರುದಿನ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಬೆಳಿಗ್ಗೆ ಹೋದವು. ಡಾಕ್ಟರು ಮೂಗಿನಲ್ಲಿ ನಳಿಗೆ ಹಾಕಿ ಮನೆಗೆ ಕಳಿಸಿದರು. ಅವ್ವ ಎಡಗೈಯಿಂದ ಕಿತ್ತೊಗೆದಳು. ಮತ್ತೆ ಹಾಕಿಸಿದೆವು, ಮತ್ತೆ ಕಿತ್ತಳು. ಮೂರನೆಯ ಸಲ ಡಾಕ್ಟರು, “ಕೈ ಮಂಚಕ್ಕ ಕಟ್ರಿ, ಬ್ಯಾರೆ ದಾರಿ ಇಲ್ಲ” ಅಂದರು. ವೃಂದಾ, ಅವ್ವನಿಗೆ ಉಳಿದಿರುವುದು ಒಂದೇ ಕೈ. ಅದನ್ನೂ ಕಟ್ಟು ಅನ್ನುತ್ತಾರೆ. ಹಗ್ಗ ತಂದೆ. ಕಟ್ಟಲಾಗಲಿಲ್ಲ.

ಬಾಯಿಂದ ದಿನಕ್ಕೆ ನಾಲ್ಕು ಚಮಚೆಯಾದರೂ ಇಳಿದರೆ ನುಂಗುವುದು ಮತ್ತೆ ರೂಢಿಯಾಗುತ್ತದಂತೆ. ಆದರೆ ಹದ ಸರಿ ಇರಬೇಕು. ಗಂಟಾದರೆ ಗಂಟಲಿಗೆ ಕಂಟಕ, ನೀರಾದರೆ ಕೆಮ್ಮಿನ ನಾಟಕ. (ಪ್ರಾಸಕ್ಕೆ ಬೈಯಬೇಡ. ಹೆದರಿದಾಗ ಕೆಲವರು ದೇವರನ್ನು ನೆನೆಯುತ್ತಾರೆ, ನನಗೆ ಪ್ರಾಸ ಹತ್ತುತ್ತದೆ.) ನಿನ್ನ ಅತ್ತಿಗೆ ಪದ್ಮಜಾ ಎರಡು ತಿಂಗಳಿಂದ ಗಂಜಿ, ಸಜ್ಜಕ, ಬೇಳೆ ಕಟ್ಟು ಎಲ್ಲ ಮಾಡಿ ನೋಡಿದಳು. ಅವ್ವ ತುಟಿ ಬಿಗಿಹಿಡಿಯುತ್ತಾಳೆ, ಇಲ್ಲವೆ ಉಗಿಯುತ್ತಾಳೆ. ಸಲಾಯಿನ್ ಮೇಲೆ ಜೀವ ನಿಂತಿದೆ.

ಮೊನ್ನೆ ಹಳೆಯ ಮೆತ್ತನೆ ಸೀರೆ ಹುಡುಕಲೆಂದು ಮಡಿಯ ಟ್ರಂಕು ತೆಗೆದೆ. ತಳದಲ್ಲಿ ತುಂಗಾಬಾಯಿ ಅಜ್ಜಿಯ ರೇಶ್ಮೆ ಸೀರೆಯೊಳಗೆ ಸುತ್ತಿಟ್ಟ ಸಾಲಿ ವಹಿ. ಕನ್ನಡ ಎರಡನೇ ಇಯತ್ತೆಯವರೆಗೆ ಕಲಿತ ಅಕ್ಷರ. ಒಂದೊಂದೂ ಹುಣಸೆ ಬೀಜದಷ್ಟು ದಪ್ಪ. ಒಂದು ಪುಟದಲ್ಲೂ ನಿಮಿಷದ ಲೆಕ್ಕವಿಲ್ಲ. ನಿನಗೆ ನೆನಪಿರಬೇಕು: ಗಡಿಯಾರ ಇದ್ದದ್ದು ಪಡಸಾಲೆಯಲ್ಲಿ, ಮಡಿಯುಟ್ಟ ಅಜ್ಜಿ ಅಡಿಗೆಮನೆ ಬಿಟ್ಟು ಹೊರಗೆ ಬರುವಂತಿಲ್ಲ. ಅದಕ್ಕೆ ಎಲ್ಲವನ್ನೂ ಹಾಡಿನಲ್ಲಿ ಅಳೆದಿದ್ದಾಳೆ. ಇಂಥ ಹಾಡು ಎರಡು ಸರತಿ, ಅಂಥ ಹಾಡು ಅರ್ಧ.

ಹದಿನೇಳನೇ ಪುಟದ ತಲೆಬರಹ: “ಗೋದೂ ಉಣ್ಣದಿದ್ದಾಗ.”

ನಮ್ಮ ಅವ್ವನೇ ಆ ಗೋದೂ. ಕೆಳಗೆ ಹೀಗಿದೆ: “ಹೊಸಾ ಸೊಸಿ ಬಂದು ನಾಕು ದಿನಾ ಆತು, ಉಂಡಿಲ್ಲ. ಗೋಧಿ ನೆನಿ ಹಾಕು. ರುಬ್ಬು. ಅರಿವ್ಯಾಗ ಹಿಂಡಿ ಹಾಲು ತಗಿ. ಬೆಲ್ಲ. ಚೂರು ಉಪ್ಪು. ಸಣ್ಣ ಉರಿ. ಇರಿವಿ ಹಾಡು ಮೂರು ಸರತಿ, ಕೈ ಬಿಡಬ್ಯಾಡ. ಇಳಿಸು. — ಉಂಡಳು.”

ಮೊಬೈಲಿನ ಗಡಿಯಾರ ಇಟ್ಟುಕೊಂಡು ಒಂಬತ್ತು ಸಲ ಮಾಡಿದೆ. ಏಳು ನಿಮಿಷಕ್ಕೆ ನೀರು, ಎಂಟಕ್ಕೆ ಹಸಿ ವಾಸನೆ, ಒಂಬತ್ತಕ್ಕೆ ಗೋಡೆಗೆ ಬಳಿಯುವ ಸರಕು. ಆ ಇರುವೆ ಹಾಡಿನ ಎರಡೇ ಸಾಲು ನನಗೆ ಗೊತ್ತು. ಗಂಡುಹುಡುಗನಾದ ನನ್ನನ್ನು ಅಜ್ಜಿ ಹೊಸ್ತಿಲಲ್ಲೇ ತಡೆಯುತ್ತಿದ್ದಳು: “ಸಾಲಿ ಅಂಗಿ ತೊಟ್ಟು ಒಲಿ ಕಡೆ ಬಂದೀಯಂದರ ಚಿಮಟಿಗಿ ಕಾಸ್ತೇನಿ ನೋಡು!” ನೀನು ಮಾತ್ರ ಮೊಳದುದ್ದ ಮಡಿಬಟ್ಟೆ ಸುತ್ತಿಕೊಂಡು ಆಕೆಯ ಮಗ್ಗುಲಲ್ಲಿ ಕುಳಿತು ಸವುಟು ತಿರುವುತ್ತ ಹಾಡುತ್ತಿದ್ದಿ. ಈ ಭೂಮಿಯ ಮೇಲೆ ಆ ಹಾಡು ಪೂರ್ತಿ ಬರುವವರು ಇಬ್ಬರು. ಒಬ್ಬಳಿಗೆ ಮಾತು ಹೋಗಿದೆ. ಇನ್ನೊಬ್ಬಳು ಮಾತು ಬಿಟ್ಟಿದ್ದಾಳೆ.

ಬಾ. ಬರಲಾಗದಿದ್ದರೆ ಹಾಡನ್ನಾದರೂ ಬರೆದು ಕಳಿಸು. ವಹಿಯಲ್ಲಿ ಇನ್ನೂ ಏನೇನೋ ಇದೆ. ಅದು ಆಮೇಲೆ.

ತಿಂಡಿಯಿಲ್ಲದ ಇಂಡಿಯಿಂದ,
ನಿನ್ನ ದಾದಾ
ಜಯತೀರ್ಥ

•

ಮುದ್ದೇಬಿಹಾಳ
೧೯ ಜೂನ್ ೨೦೨೪

ದಾದಾ,

ಪತ್ರ ಹರಿಯಲಿಲ್ಲ. ಹನ್ನೆರಡು ದಿನ ಹಿಟ್ಟಿನ ಡಬ್ಬಿಯ ಕೆಳಗಿತ್ತು.

ಲಕ್ವಾ ಸುದ್ದಿ ಏಪ್ರಿಲ್‌ನಲ್ಲೇ ಪರಮಾನಂದ ಕಾಕಾ ಹೇಳಿದ್ದರು. ಅತ್ತೆ. ಅಳುವುದು ಬೇರೆ, ಬರುವುದು ಬೇರೆ.

ಇಲ್ಲಿ ಹಾಸ್ಟೆಲಿನಲ್ಲಿ ಎಂಬತ್ತಾರು ಹುಡುಗಿಯರಿಗೆ ಎರಡು ಹೊತ್ತು ನನ್ನ ಕೈಯಡಿಗೆ. ತಾಟು ಮುಂದೆ ಚಾಚುವಾಗ ಯಾರೂ ನನ್ನ ಹಣೆ ನೋಡುವುದಿಲ್ಲ. “ಅಕ್ಕಾರ, ಇನ್ನೊಂದು ಸವುಟು ಹಾಕ್ರಿ” ಅನ್ನುತ್ತಾರೆ. ಅಷ್ಟರಲ್ಲಿ ನಾನು ಹನ್ನೊಂದು ವರ್ಷ ಬದುಕಿದ್ದೇನೆ.

ನೀನು ಮರೆತಂತೆ ಬರೆದಿದ್ದಿ. ನಾನು ನೆನಪು ಮಾಡಿ ಕೊಡುತ್ತೇನೆ. ನಿನ್ನ ಮಗ ಕೌಸ್ತುಭನ ಮುಂಜಿ. ನನ್ನವರು ತೀರಿಕೊಂಡು ಹತ್ತು ತಿಂಗಳು. ಬರುವುದಿಲ್ಲ ಅಂದೆ, ಅವ್ವನೇ ಹಟ ಹಿಡಿದು ಕರೆಸಿದಳು. ಮಾತೃಭೋಜನಕ್ಕೆ, ವಟು ತಾಯಿಯ ಎಲೆಯಲ್ಲಿ ಉಣ್ಣುವ ಆ ಕಡೆಯ ಊಟಕ್ಕೆ, ಅಜ್ಜಿಯ ಗೋಧಿಹಾಲು ನಾನೇ ಮಾಡಿದೆ. ಮೂರು ಸರತಿ ಹಾಡಿ ಇಳಿಸಿದ್ದೆ, ಅಷ್ಟೆ. ನೀನು ಅಡಿಗೆಮನೆ ಬಾಗಿಲಲ್ಲಿ ನಿಂತು, ಗೋಡೆ ನೋಡುತ್ತ ಹೇಳಿದಿ: “ಅವ್ವ ಹೇಳ್ಯಾಳ, ನೀ ಒಲಿ ಬಿಟ್ಟು ಏಳಬೇಕಂತ. ಗಂಡ ಸತ್ತಾಕಿ ಕೈಯಾಂದು ಮುಂಜಿ ಎಲಿಗೆ ಬ್ಯಾಡಂತ.”

ಪಾತ್ರೆ ಹಿತ್ತಲ ಬಾನಿಗೆ ಹೋಯಿತು. ಆಕಳು ಉಂಡಿತು. ಪಾಪ, ಅದಕ್ಕೆ ನನ್ನ ಗಂಡ ಸತ್ತ ಸುದ್ದಿ ಯಾರೂ ಹೇಳಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಹೊರಟೆ. ಅವ್ವ ದೇವರ ಮನೆಯಲ್ಲಿದ್ದಳು. ಹೊರಗೆ ಬಂದು ಒಂದು ಮಾತು ಆಡಲಿಲ್ಲ.

ಯಾವ ಬಾಯಿ ಹಾಗೆ ಅಂದಿತೋ, ಆ ಬಾಯಿಗೆ ನಾನು ಹೇಗೆ ಉಣಿಸಲಿ? ನೀನೇ ಹೇಳು.

ವೃಂದಾ

•

ಇಂಡಿ
೨೪ ಜೂನ್ ೨೦೨೪

ಚಿರಂಜೀವಿ ವೃಂದಾಳಿಗೆ ತಾಯಿ ಗೋದೂಬಾಯಿ ಮಾಡುವ ಆಶೀರ್ವಾದಗಳು. ಜಯತೀರ್ಥನ ಕೈಯಿಂದ ಬರೆಸಿದ್ದು.

ಮಗಳೇ, ಅಂದು ನಾನಾಡಿದ ನುಡಿ ಇಂದು ನನ್ನೆದೆಯ ಕಿಡಿ. ತಪ್ಪು ನನ್ನದು, ಒಪ್ಪು ನಿನ್ನದು. ಮುನಿಸನ್ನು ಮರೆ, ಬಾಗಿಲನ್ನು ತೆರೆ. ನಿನ್ನ ಕೈತುತ್ತಿಗಾಗಿ ಕಾದಿದೆ ಈ ಜೀವ. ಬೇಗ ಬಾ.

ಇಂತಿ ನಿನ್ನ ತಾಯಿ,
ಗೋದೂಬಾಯಿ
(ಎಡಗೈ ಹೆಬ್ಬೆಟ್ಟಿನ ಗುರುತು)

•

ಮುದ್ದೇಬಿಹಾಳ
೧ ಜುಲೈ ೨೦೨೪

ದಾದಾ,

ಮಾತು ಹೋದವಳು ಬರೆಸಿದಳೇ?

ಅವ್ವ ಜನ್ಮದಲ್ಲಿ ಪ್ರಾಸ ಹಾಕಿದವಳಲ್ಲ. ನನ್ನನ್ನು ‘ವೃಂದಾ’ ಎಂದು ಕರೆದವಳೂ ಅಲ್ಲ, ನಾನು ಅವಳಿಗೆ ಹುಟ್ಟಿದಾಗಿನಿಂದ ‘ಬಿಂದವ್ವ’. ಮಗ ಅನಿಸಿಕೊಂಡವನಿಗೆ ಅಷ್ಟೂ ನೆನಪಿಲ್ಲ. ಆಕೆ ಮಲಗಿದಾಗ ಹೆಬ್ಬೆಟ್ಟು ಹಿಡಿದು ಒತ್ತಿದಿಯಾ, ಎಚ್ಚರಿದ್ದಾಗಲೇ? ಎಚ್ಚರಿದ್ದಾಗಲೇ ಒತ್ತಿದ್ದರೆ ಆಕೆಗೆ ಏನು ಹೇಳಿ ಒತ್ತಿಸಿದಿ?

ಹೆಬ್ಬೆಟ್ಟಿನಷ್ಟು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಉಳಿದದ್ದನ್ನು ಹರಿದೆ. ಇನ್ನು ಬರೆಯಬೇಡ.

ವೃಂದಾ

•

ಇಂಡಿ
೮ ಜುಲೈ ೨೦೨೪

ವೃಂದಾ,

ಬರೆಯಬೇಡ ಅಂದಿ. ಬರೆಯುತ್ತಿದ್ದೇನೆ. ಸಭೆಯವರೆಲ್ಲ ಎದ್ದುಹೋಗಿದ್ದಾರೆ, ಮೈಕಿನ ಮುಂದೆ ಒಬ್ಬನೇ ನಿಂತಿದ್ದೇನೆ.

ಹೌದು, ಅದು ನನ್ನದೇ ಕೆಲಸ. ಅವ್ವ ಎಚ್ಚರಿದ್ದಳು. ಸ್ಟಾಂಪ್ ಪ್ಯಾಡು ನೋಡಿ ಯಾವುದೋ ಸರಕಾರಿ ಕಾಗದ ಅಂದುಕೊಂಡು ತಾನೇ ಹೆಬ್ಬೆಟ್ಟು ಮುಂದೆ ಮಾಡಿದಳು. ನಾಚಿಕೆ ಪಡುವುದಕ್ಕೂ ಪುರಸೊತ್ತಿಲ್ಲದಂಥ ನಾಚಿಕೆ ಅದು. ಯಾಕೆಂದರೆ ಆ ದಿನವೂ ಅವ್ವ ಉಣ್ಣಲಿಲ್ಲ.

ಈಗ ತೂಕ ಮೂವತ್ತೊಂದು ಕಿಲೋ. ಸಲಾಯಿನ್ ಹಚ್ಚಲು ನರ ಸಿಗುವುದಿಲ್ಲ. ಎತ್ತಿ ಕೂಡಿಸಿದರೆ ಹೊದಿಕೆಯನ್ನಷ್ಟೇ ಎತ್ತಿದಂತಾಗುತ್ತದೆ.

ಆರೈಕೆಗೆ ಬೆಳಿಗ್ಗೆ ಸಂಜೆ ಮುಬಿನ ಬರುತ್ತಾಳೆ, ಆಸ್ಪತ್ರೆಯಲ್ಲಿ ಆಯಾ ಆಗಿದ್ದು ನಿವೃತ್ತಿಯಾದವಳು. ಶುಕ್ರವಾರ ಅವ್ವನ ತಲೆ ಬಾಚುತ್ತಿದ್ದವಳು ಒಮ್ಮೆಲೇ ಕೂಗಿದಳು: “ಸರ್ರ, ಲಗೂ ಬರ್ರಿ! ಅಮ್ಮಾರು ಹಾಡಾಕತ್ತಾರ್ರಿ!”

ಓಡಿದೆ. ನಿಜ. ಮಾತಿಲ್ಲ, ಬರೀ ಮೂಗಿನಲ್ಲಿ ಗುಂಯ್ ಗುಂಯ್. ಎಡಗೈ ಹಾಸಿಗೆಯ ಮೇಲೆ ಗುಂಡಗೆ ತಿರುಗುತ್ತಿತ್ತು, ಸವುಟು ತಿರುವಿದ ಹಾಗೆ. ಡಾಕ್ಟರಿಗೆ ಫೋನಿನಲ್ಲಿ ಹೇಳಿದರೆ, ಮಾತು ಹೋದವರಿಗೂ ಒಮ್ಮೊಮ್ಮೆ ಹಾಡು ಉಳಿದಿರುತ್ತದೆ ಅಂದರು.

ಮುಬಿನ ನನ್ನನ್ನು ಬೈದಳು: “ಇದು ಯಾವ ಹಾಡ್ರಿ? ಮಗಾ ಆಗಿ ನಿಮಗ ಗೊತ್ತಿಲ್ಲಂದರ ಹೆಂಗ್ರಿ?”

“ನನ್ನ ತಂಗಿಗೆ ಗೊತ್ತದ” ಅಂದೆ.

“ಮತ್ತ ಆಕಿನ್ನ ಕರಸ್ರಿ. ಮುದ್ದೇಬಿಹಾಳೇನು ಮಕ್ಕಾದಾಗ ಐತೇನ್ರಿ?”

ಹೊರಗೆ ಬಂದು ವಹಿಯ ಹದಿನೇಳನೇ ಪುಟ ಮತ್ತೆ ತೆಗೆದೆ.

ನೀನು ಬರುವುದು ಬೇಡ. ಕ್ಷಮಿಸುವುದೂ ಬೇಡ. ಹಾಡು, ಹಾಡಷ್ಟೇ ಕಳಿಸು. ಪೋಸ್ಟ್ ಕಾರ್ಡಿನಲ್ಲಿ ಬರೆ. ಕೈ ಮುಗಿಯುತ್ತೇನೆ.

ದಾದಾ

•

ಮುದ್ದೇಬಿಹಾಳ
೧೮ ಜುಲೈ ೨೦೨೪

ದಾದಾ,

ನಿನ್ನೆ ಬಂದಿದ್ದೆ. ನಿನಗೆ ಗೊತ್ತಿಲ್ಲ.

ಏಕಾದಶಿ. ಹಾಸ್ಟೆಲಿನಲ್ಲಿ ಇನ್ನೊಬ್ಬಾಕೆಗೆ ಒಲೆ ಒಪ್ಪಿಸಿ ಬೆಳಗಿನ ಬಸ್ಸು ಹಿಡಿದು ಸಿಂದಗಿಗೆ ಬಂದೆ. ಇಂಡಿ ಬಸ್ಸು ನಿಂತಿತ್ತು. ಕಿಡಕಿ ಪಕ್ಕ ಜಾಗವೂ ಸಿಕ್ಕಿತು. ಪಕ್ಕದ ಅಜ್ಜಿ, “ಎಲ್ಲಿಗೆ ತಂಗಿ?” ಅಂದಳು. “ತವರಮನಿಗಿ” ಅನ್ನಬೇಕಾಗಿತ್ತು. ಬ್ಯಾಗಿನಲ್ಲಿ ಒಂದು ಶೇರು ಗೋಧಿ ಇತ್ತು, ನಾನೇ ಆರಿಸಿದ್ದು. ಕಂಡಕ್ಟರು ಸೀಟಿ ಊದಿದ. ಎದ್ದು ಇಳಿದೆ. ಅಡಿಗೆಮನೆ ಬಾಗಿಲು ಕಣ್ಣ ಮುಂದೆ ಬಂತು. ಅದರೊಳಗೆ ನನ್ನ ಕಾಲು ಹೋಗುವುದಿಲ್ಲ ದಾದಾ. ಸಿಟ್ಟು ಅಲ್ಲ ಇದು. ಸಿಟ್ಟು ಎಂದೋ ಆರಿಹೋಯಿತು. ಕಾಲು ಹೋಗುವುದಿಲ್ಲ, ಅಷ್ಟೆ.

ಹಾಡು ಬರೆದಿದ್ದೇನೆ. ಇದರ ಋಣ ನನ್ನದಲ್ಲ, ಅಜ್ಜಿಯದು.

ಇರಿವಿ ಇರಿವಿ ಎತ್ತಾಗ ಹೊಂಟಿ?
ಬೆಲ್ಲದ ಮನಿಗೆ ಬೀಗತಿ ಹೊಂಟೆ.
ಹಾದ್ಯಾಗ ಹಳ್ಳ ಬಂದರ ಹೆಂಗ?
ಗೋಧಿಯ ಹೊಟ್ಟೇ ದೋಣಿ ನಂಗ.
ಬಿಸಲಾಗ ಕಾಲು ಸುಟ್ಟರ ಹೆಂಗ?
ತುಪ್ಪದ ನೆರಳು ಹಾಸ್ಯಾರ ನಂಗ.
ಹೋದ ಮನ್ಯಾಗ ಮುನಿದರ ಹೆಂಗ?
ಮುನಿದಾಕಿ ಬಾಯಿಗೆ ಮೊದಲಿನ ತುತ್ತ,
ತುತ್ತಿಟ್ಟ ಕೈಗೆ ತಾಯಿಯ ಮುತ್ತ.

ಅವಸರ ಮಾಡಬೇಡ. ‘ಹೆಂಗ’ ಅಂದಾಗಲೊಮ್ಮೆ ಸವುಟು ತಳ ಮುಟ್ಟಬೇಕು.

ಇನ್ನು ನನ್ನದೊಂದು ಮಾತು. ಅವ್ವನಿಗೆ ಮಾತಿಲ್ಲ, ಆದರೆ ಹ್ಞೂಂ, ಉಹ್ಞೂಂ ಅನ್ನಲು ತಲೆ ಇದೆ. ಆಕೆಯನ್ನು ಕೇಳು: “ಮುಂಜಿ ದಿನಾ ಬಿಂದವ್ವಗ ಹಂಗ ಅಂದದ್ದು ತಪ್ಪಾತೇನು?” ಹೌದೆಂದು ತಲೆ ಹಾಕಿದರೆ ಸಾಕು, ಇನ್ನೇನೂ ಬೇಡ. ಮರುದಿನ ನಾನು ಅಲ್ಲಿರುತ್ತೇನೆ, ಕಾಲು ಹೋಗದಿದ್ದರೆ ತೆವಳಿಕೊಂಡು ಬರುತ್ತೇನೆ. ಮುಬಿನಾಳನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳು. ನಿನ್ನ ಒಬ್ಬನ ಮಾತು ನಾನು ನಂಬುವುದಿಲ್ಲ.

ವೃಂದಾ

•

ಇಂಡಿ
೨೬ ಜುಲೈ ೨೦೨೪

ವೃಂದಾ,

ಹಾಡು ಬಂತು. ಅವತ್ತೇ ಗೋಧಿ ನೆನೆ ಹಾಕಿದೆ. ಸ್ನಾನ ಮಾಡಿ, ಒದ್ದೆ ಪಂಚೆ ಉಟ್ಟು, ನಲವತ್ತಾರನೇ ವಯಸ್ಸಿನಲ್ಲಿ ಮೊದಲ ಸಲ ಅಜ್ಜಿಯ ಹೊಸ್ತಿಲು ದಾಟಿದವನಂತೆ ಒಲೆಯ ಮುಂದೆ ನಿಂತೆ. ನನ್ನ ರಾಗ ನಿನಗೆ ಗೊತ್ತು. ಆದರೂ ಮೂರು ಸರತಿ ಹಾಡಿದೆ, ‘ಹೆಂಗ’ ಅಂದಾಗಲೊಮ್ಮೆ ತಳ ಮುಟ್ಟಿಸಿದೆ. ಇಳಿಸಿದೆ. ಚಮಚೆ ಓರೆ ಮಾಡಿದರೆ ಜಾರುತ್ತದೆ, ಆದರೆ ಓಡುವುದಿಲ್ಲ. ಹದ ಬಂದಿತ್ತು, ವೃಂದಾ. ಹತ್ತನೆಯ ಸಲಕ್ಕೆ ಹದ ಬಂತು.

ಒಳಗೆ ಒಯ್ದೆ. ನಾನು ಹಾಡಿದ್ದು ಅವ್ವನಿಗೆ ಕೇಳಿಸಿತ್ತು. ಕಣ್ಣು ಇಷ್ಟಗಲ ತೆರೆದಿದ್ದಳು. ಚಮಚೆ ತುಟಿಗೆ ಹಿಡಿದೆ. ನನ್ನ ಭುಜದ ಆಚೆ ಬಾಗಿಲ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಯಾರೂ ಬರಲಿಲ್ಲ. ತುಟಿ ಮುಚ್ಚಿದಳು. ಕಣ್ಣಿಂದ ನೀರು ಕಿವಿಗೆ ಇಳಿಯಿತು. ಮುಬಿನ ಸೆರಗಿನಿಂದ ಒರೆಸಿ, “ಅಮ್ಮಾರು ಯಾರದೋ ಹಾದಿ ಕಾಯಾಕತ್ತಾರ್ರಿ” ಅಂದಳು. ಹದದ ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ನಿನ್ನ ಪ್ರಶ್ನೆ ಕೇಳಿದೆ. ನೀನು ಬರೆದ ಹಾಗೆಯೇ, ಮುಬಿನಾಳ ಎದುರಿಗೇ. ಅವ್ವ ನನ್ನ ಮುಖ ನೋಡಿದಳು. ಏನೂ ತಿಳಿಯಲಿಲ್ಲ ಆಕೆಗೆ. ಮತ್ತೆ ಕೇಳಿದೆ. ತಲೆ ಅಡ್ಡ ಆಡಿಸಿದಳು. ಉಹ್ಞೂಂ. ಮೂರನೆಯ ಸಲ ಕೇಳಲು ಹೋದಾಗ ಎಡಗೈಯಿಂದ ನನ್ನ ಅಂಗಿ ಹಿಡಿದಳು, ಸಣ್ಣವನಿದ್ದಾಗ ಕಳವು ಮಾಡಿ ಸಿಕ್ಕಾಗ ಹಿಡಿಯುತ್ತಿದ್ದಳಲ್ಲ, ಹಾಗೆ. ಮುಬಿನ ಅಂದಳು: “ಸರ್ರ, ಅಮ್ಮಾರು ಇಲ್ಲಂತಾರ. ನೀವು ಏನು ಕೇಳಾಕತ್ತೀರಿ, ಸಮಾ ಕೇಳ್ರಿ.”

ಹೌದೆಂದು ತಲೆ ಹಾಕಿದಳು ಎಂದು ನಿನಗೆ ಒಂದು ಪತ್ರ ಬರೆದೆ. ನಾಲ್ಕು ದಿನ ಮೇಜಿನ ಮೇಲಿತ್ತು. ಲಕೋಟೆಗೆ ಅಂಟು ಹಚ್ಚಿ ಆಗಿತ್ತು. ಅದನ್ನು ಕಳಿಸಿದ್ದರೆ ಇಷ್ಟೊತ್ತಿಗೆ ನೀನು ಇಲ್ಲಿರುತ್ತಿದ್ದಿ. ಅವ್ವ ನಿನ್ನ ಕೈಯಿಂದ ಉಣ್ಣುತ್ತಿದ್ದಳು. ನೀನು ಆಕೆಯನ್ನು ದೊಡ್ಡ ಮನಸ್ಸು ಮಾಡಿ ಕ್ಷಮಿಸುತ್ತಿದ್ದಿ. ಎಲ್ಲರಿಗೂ ಚಪ್ಪಾಳೆ, ವಂದನಾರ್ಪಣೆ.

ಇವತ್ತು ಡಾಕ್ಟರು ಬಂದು ನೋಡಿ, ಇನ್ನು ಎಂಟು ದಿನ ಅಂದರು.

ವಹಿಯಲ್ಲಿ ಇನ್ನೂ ಏನೇನೋ ಇದೆ ಎಂದು ಮೊದಲನೇ ಪತ್ರದಲ್ಲಿ ಬರೆದಿದ್ದೆನಲ್ಲ. ಸಿಕ್ಕ ದಿನವೇ ಓದಿದ್ದೆ. ಕಡೆಯ ಪುಟಗಳು ಅಜ್ಜಿಯ ಅಕ್ಷರವಲ್ಲ, ಅವ್ವನದು. ಹನ್ನೊಂದು ಪಂಚಮಿ, ಹನ್ನೊಂದು ಸಾಲು. ಮೊದಲನೆಯದು: “ಪಂಚಮಿಗೆ ಬಿಂದವ್ವ ಬರ್ತಾಳ. ಗೋಧಿ ತಗದು ಇಟ್ಟೇನಿ. ಬರಲಿಲ್ಲ. ಮುಂಜಿ ದಿನಾ ಹೇಳದ ಕೇಳದ ಯಾಕ ಎದ್ದು ಹೋದಳೋ ತಿಳೀವಲ್ತು. ಜಯ್ಯಾನ್ನ ಕೇಳಿದೆ. ಆಕಿ ಸ್ವಭಾವನ ಹಂಗ ಅಂದ.” ಎರಡನೆಯದು: “ಗೋಧಿ ತಗದು ಇಟ್ಟೇನಿ. ಬರಲಿಲ್ಲ.” ಮೂರನೆಯದು ಅದೇ. ಹನ್ನೊಂದನೆಯದೂ ಅದೇ. ಅಕ್ಷರ ಮಾತ್ರ ವರ್ಷವರ್ಷಕ್ಕೆ ನಡುಗಿದೆ.

ಮುಂಜಿಯ ದಿನ, ಒಲೆಯ ಮುಂದೆ ನೀನಿರುವುದು ತಿಳಿದು ಪದ್ಮಜಾಳ ತವರಿನವರು ಪಡಸಾಲೆಯಲ್ಲಿ ಕುಳಿತು ಗುಸುಗುಸು ಮಾಡಿದರು. ಎಲೆಯಿಂದ ಎದ್ದಾರು ಎಂದು ನಾನು ಹೆದರಿದೆ. ನನ್ನ ಹೆಸರಿನಲ್ಲಿ ಹೇಳಿದರೆ ನೀನು ಕೇಳುತ್ತಿರಲಿಲ್ಲ, ಕಪಾಳಕ್ಕೆ ಬಿಡುತ್ತಿದ್ದಿ.

ಅವ್ವ ಅಂದಿರಲಿಲ್ಲ. ಆ ಬಾಯಿ ನನ್ನದು.

ಜಯತೀರ್ಥ